ಕ್ರಿಸ್‌ಮಸ್ ಮರಕ್ಕೆ ಬಟ್ಟೆಯ ಅಲಂಕಾರ: ಪೇಟೆಯ ಯಾವ ಫೆಲ್ಟ್ ಸೂಜಿಗೆ ಒಗ್ಗುತ್ತದೆ?

ನವೆಂಬರ್ ಕೊನೆ ಬಂತೆಂದರೆ ಬೆಂಗಳೂರಿನ ಮಾಮೂಲ್‌ಪೇಟೆಯಿಂದ ಹಿಡಿದು ಊರಿನ ಸ್ಟೇಷನರಿ ಅಂಗಡಿಯವರೆಗೆ ಎಲ್ಲೆಡೆ ‘ಫೆಲ್ಟ್ ಶೀಟ್’ ಎಂಬ ಹೆಸರಿನಲ್ಲಿ ಹತ್ತು ಬಣ್ಣದ ಕಟ್ಟು ಸಿಗುತ್ತದೆ. ಆನ್‌ಲೈನ್‌ನಲ್ಲಂತೂ ಕೇಳುವುದೇ ಬೇಡ. ಹೆಸರು ಒಂದೇ ಆದರೂ ಒಳಗೆ ಬರುವುದು ಮೂರು ಬೇರೆ ಬೇರೆ ಸಾಮಾನು. ಮರಕ್ಕೆ ತೂಗುಹಾಕಲು ಹೃದಯ, ನಕ್ಷತ್ರ, ಗಂಟೆ ಹೊಲಿಯಲು ಕೂತವರು ಎರಡನೆಯದಕ್ಕೇ ಬೇಸತ್ತು ಏಳುತ್ತಾರೆ. ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ತಪ್ಪು ಹೆಚ್ಚಿನ ಸಲ ಶೀಟಿನದು. ಆದ್ದರಿಂದ ಇಲ್ಲಿ ಒಂದೇ ಅಳತೆಯ ಅಚ್ಚು, ಒಂದೇ ದಾರ, ಒಂದೇ ಹತ್ತಿ ಇಟ್ಟುಕೊಂಡು ಈ ಮೂರನ್ನೂ, ಜೊತೆಗೆ ಎರಡು ಬಗೆಯ ಬಟ್ಟೆಯನ್ನೂ ತೂಗಿ ನೋಡಿದೆ. ಅಚ್ಚು 7 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ಹೃದಯ. ಹೊಲಿಗೆ ಬ್ಲ್ಯಾಂಕೆಟ್ ಸ್ಟಿಚ್, ಅಂದರೆ ಪ್ರತಿ ಹೊಲಿಗೆಯೂ ಅಂಚಿನ ಮೇಲೆ ಕುಣಿಕೆಯಾಗಿ ಕೂರುವಂಥದ್ದು, ಎರಡು ಎಳೆ ಕಸೂತಿ ದಾರದಲ್ಲಿ.

ಮೊದಲೇ ಹೇಳಿಬಿಡುತ್ತೇನೆ: ಹತ್ತಿ ತುಂಬಿ ಉಬ್ಬಿಸುವ ಅಲಂಕಾರಕ್ಕೆ ಮೆತ್ತನೆಯ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಫೆಲ್ಟ್ ಸಾಕು. ವರ್ಷ ವರ್ಷ ತೆಗೆದು ಕಟ್ಟಿ, ಮಕ್ಕಳ ಕೈಗೂ ದಾಟಿಸಬೇಕು ಅಂತಿದ್ದರೆ ಉಣ್ಣೆಯ ಫೆಲ್ಟ್. ಗಟ್ಟಿ ಶೀಟನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ.

ಗಟ್ಟಿ ಶೀಟಿನಿಂದಲೇ ಶುರು ಮಾಡೋಣ, ಯಾಕೆಂದರೆ ಅಂಗಡಿಯವರು ಮೊದಲು ಎತ್ತಿಕೊಡುವುದು ಅದನ್ನೇ. ಸುಮಾರು 1 ಮಿ.ಮೀ. ದಪ್ಪ, ಪಾಲಿಯೆಸ್ಟರ್ ನಾರಿಗೆ ಅಂಟು ಕುಡಿಸಿ ಬಿರುಸು ಮಾಡಿದ್ದು. ಮೂಲೆ ಹಿಡಿದು ಎತ್ತಿದರೆ ಹಪ್ಪಳದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕತ್ತರಿಗೆ ಬಹಳ ಚೆಂದ ಬರುತ್ತದೆ, ಅಂಚು ಚಾಕುವಿನಲ್ಲಿ ಕೊರೆದ ಹಾಗಿರುತ್ತದೆ. ಸೂಜಿ ಹಾಕಿದ ಕೂಡಲೇ ಅದರ ಗುಣ ಗೊತ್ತಾಗುತ್ತದೆ. ತೂತು ಬಿದ್ದ ಕಡೆ ನಾರು ಮತ್ತೆ ಕೂಡಿಕೊಳ್ಳುವುದಿಲ್ಲ. ಹೊಲಿಗೆ ಬಿಚ್ಚಿದರೆ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಚುಕ್ಕಿ ಉಳಿಯುತ್ತದೆ. ಹತ್ತಿ ತುಂಬಿದಾಗ ಹೃದಯದ ಎರಡು ಗುಂಡು ಭಾಗಗಳು ಉಬ್ಬುವ ಬದಲು ಮಡಿಚಿಕೊಳ್ಳುತ್ತವೆ, ಮಡಿಚಿದ ಕಡೆ ಬಿಳಿ ಗೆರೆ ಏಳುತ್ತದೆ, ಆ ಗೆರೆಯನ್ನು ಇಸ್ತ್ರಿಯಿಂದಲೂ ತೆಗೆಯಲಾಗುವುದಿಲ್ಲ. ಹಾಗಂತ ಇದು ಕೆಲಸಕ್ಕೆ ಬಾರದ ಸಾಮಾನೇನಲ್ಲ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹಿಂದೆ ಅಂಟಿಸುವ ನಕ್ಷತ್ರಕ್ಕೆ, ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಡಬ್ಬಿಗೆ ಕಟ್ಟುವ ಹೆಸರುಚೀಟಿಗೆ, ಹತ್ತಿಯೇ ಇಲ್ಲದ ಚಪ್ಪಟೆ ಆಕಾರಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಚಪ್ಪಟೆಯಾಗಿಯೇ ಇರಲಿ ಬಿಡಿ ಅದು.

ಮೆತ್ತನೆಯ ಫೆಲ್ಟ್ ಹಿಡಿದರೆ ಕರವಸ್ತ್ರದ ಹಾಗೆ ಜೋತುಬೀಳುತ್ತದೆ. ನೇಯ್ದದ್ದಲ್ಲ, ನಾರನ್ನು ಹರಡಿ, ಕೊಕ್ಕೆಯಂಥ ಮುಳ್ಳಿರುವ ಸಾವಿರಾರು ಸೂಜಿಗಳಿಂದ ಚುಚ್ಚಿ ಚುಚ್ಚಿ ಒಂದರೊಳಗೊಂದು ಸಿಕ್ಕಿಸಿದ್ದು. ಹಾಗಾಗಿ ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚುವುದಿಲ್ಲ, ಅಂಚು ಮಡಚಿ ಹೊಲಿಯುವ ಕೆಲಸವಿಲ್ಲ. ಇದರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಮೂರು ಕೆಲಸ ಮಾಡಿ. ಶೀಟನ್ನು ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ಮೋಡ ಕಟ್ಟಿದ ಹಾಗೆ ದಪ್ಪ ತೆಳು ಕಂಡರೆ ತೆಳುವಾದ ಕಡೆಯಿಂದ ಬಿಳಿ ಹತ್ತಿ ಇಣುಕುತ್ತದೆ. ಹೆಬ್ಬೆರಳಿನಿಂದ ಒಂದೇ ಜಾಗವನ್ನು ಇಪ್ಪತ್ತು ಸಲ ಉಜ್ಜಿ. ಗುಂಜು ಎದ್ದರೆ ಹೊಲಿದು ಮುಗಿಸುವಷ್ಟರಲ್ಲಿ ಅಲಂಕಾರ ಹಳೆಯ ಸ್ವೆಟರಿನಂತಾಗುತ್ತದೆ. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಒಂದು ಕಡೆ ಹೆಚ್ಚು ಹಿಗ್ಗುವುದು ಸಹಜ. ಹಿಗ್ಗಿ ವಾಪಸು ಬಾರದಿದ್ದರೆ ಅಲ್ಲೇ ಇಟ್ಟುಬಿಡಿ.

ಇನ್ನೊಂದು ವಿಷಯಕ್ಕೆ ಅಳತೆಪಟ್ಟಿ ಬೇಕು. ಎ4 ಎಂದು ಮಾರುವ ಶೀಟು 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ ಇರಬೇಕು. 7 ಸೆಂ.ಮೀ. ಚೌಕದ ಲೆಕ್ಕದಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 4, ಒಟ್ಟು 12 ತುಂಡು, ಅಂದರೆ 6 ಹೃದಯ. ಅದೇ ಶೀಟು 20 ಸೆಂ.ಮೀ. ಅಗಲ ಮಾತ್ರ ಇದ್ದರೆ ಮೂರನೆಯ ಸಾಲೇ ಕೂರುವುದಿಲ್ಲ. 8 ತುಂಡು, 4 ಹೃದಯ. ಹೃದಯವನ್ನು ಒಂದು ನೇರ, ಒಂದು ತಲೆಕೆಳಗೆ ಇಟ್ಟು ಗುರುತು ಹಾಕಿದರೆ ಸ್ವಲ್ಪ ಉಳಿಸಬಹುದು. ನಕ್ಷತ್ರಕ್ಕೆ ಅದೂ ಆಗದು. ಒಂದು ಸೆಂಟಿಮೀಟರಿನ ಮಾತು ಅಂತ ಬಿಟ್ಟರೆ ಮೂರರಲ್ಲೊಂದು ಪಾಲು ಹೋಯಿತು.

ಉಣ್ಣೆಯ ಫೆಲ್ಟಿನ ಜಾತಿಯೇ ಬೇರೆ. ಉಣ್ಣೆ ನಾರಿನ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿ, ತೇವ, ಒತ್ತಡ ಸೇರಿದಾಗ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾಗದಂತೆ ಗಟ್ಟಿಯಾಗುತ್ತವೆ. ಜರ್ಮನಿಯ ಹೊಲಿಗೆಗಾರ್ತಿ ಮಾರ್ಗರೆಟ್ ಸ್ಟೈಫ್ 1880ರಲ್ಲಿ ಸೂಜಿ ಚುಚ್ಚಿಡಲೆಂದು ಪುಟ್ಟ ಆನೆ ಹೊಲಿದದ್ದು ಫೆಲ್ಟಿನಲ್ಲೇ. ಮಕ್ಕಳು ಅದನ್ನು ಆಟಿಕೆ ಮಾಡಿಕೊಂಡರು. ಎಳೆ ಬಿಚ್ಚದೆ, ಹತ್ತಿ ತುಂಬಿದ ಆಕಾರವನ್ನು ಹಾಗೇ ಹಿಡಿದಿಡುವ ಗುಣಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೂಜಿ ಇದರಲ್ಲಿ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ, ತೂತು ತಾನೇ ಮುಚ್ಚಿಕೊಳ್ಳುತ್ತದೆ, ಹೃದಯದ ಗುಂಡುಭಾಗ ಸುಕ್ಕಿಲ್ಲದೆ ಮೇಲೇಳುತ್ತದೆ. ಬೆಲೆ ಮಾತ್ರ ಹಲವು ಪಟ್ಟು. ಅಷ್ಟು ಕೊಟ್ಟ ಮೇಲೆ ಮೋಸ ಹೋಗಬಾರದು. ಅಂಚಿನಿಂದ ಒಂದು ಚಿಟಿಕೆ ನಾರು ಕಿತ್ತು ಬೆಂಕಿಕಡ್ಡಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಚುಕಿದರೆ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ಕೋ ಪಾಲಿಯೆಸ್ಟರೋ. ಉಣ್ಣೆ ಮತ್ತು ರೇಯಾನ್ ಬೆರೆಸಿದ್ದೂ ಬರುತ್ತದೆ. ಅದರಲ್ಲೂ ಕೆಲಸ ಚೆನ್ನಾಗಿಯೇ ಬರುತ್ತದೆ, ಬೆಲೆಯೂ ಕಡಿಮೆ. ಉಣ್ಣೆಯಲ್ಲಿ ಒಂದೇ ಎಚ್ಚರ, ಕೆಂಪು ಬಣ್ಣ. ಒದ್ದೆ ಮಾಡಿದ ಬಿಳಿ ಬಟ್ಟೆಯ ಚೂರನ್ನು ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಟ್ಟೆ ಗುಲಾಬಿಯಾದರೆ ಆ ಕೆಂಪನ್ನು ಬಿಳಿ ಫೆಲ್ಟಿನ ಪಕ್ಕ ಹೊಲಿಯಬೇಡಿ. ಈ ಪರೀಕ್ಷೆಯನ್ನು ಅಕ್ರಿಲಿಕ್ ಮೇಲೆ ಮಾಡಬಾರದು. ಜೋರು ಬಿಸಿಗೆ ಅದು ಇಸ್ತ್ರಿಪೆಟ್ಟಿಗೆಗೇ ಅಂಟುತ್ತದೆ.

ಇನ್ನು ಬಟ್ಟೆ. ಕೆಂಪು, ಹಸಿರು ಚೌಕಳಿಯ ಕಾಟನ್ ಎಲ್ಲರೂ ಬಳಸುವಂಥದ್ದು. ಆದರೆ ಚೌಕಳಿ ದೊಡ್ಡದಾದರೆ 7 ಸೆಂ.ಮೀ. ಹೃದಯದಲ್ಲಿ ಒಂದು ಚೌಕವೂ ಪೂರ್ತಿ ಕಾಣುವುದಿಲ್ಲ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಬಟ್ಟೆ ಗುಳೇದಗುಡ್ಡದ ಖಣ. ಕುಪ್ಪಸಕ್ಕೆಂದೇ ನೇಯುವ ಬಟ್ಟೆಯಾದ್ದರಿಂದ ಬುಟ್ಟಾ ಚಿಕ್ಕದು, ಕಡುಗೆಂಪು ಕಡುಹಸಿರು ಧಾರಾಳ, ಹೊಲಿದು ಉಳಿದ ಚೂರುಗಳೂ ಸಾಕಾಗುತ್ತವೆ. ಅಂಗೈಯಗಲದ ಹೃದಯದಲ್ಲಿ ನಾಲ್ಕಾರು ಬುಟ್ಟಾ ಇಡಿಯಾಗಿ ಕೂತು, ಸೀರಿಯಲ್ ಸೆಟ್ಟಿನ ಬೆಳಕಿಗೆ ಒಂದು ಕಡೆಯಿಂದ ಮಿನುಗುವುದನ್ನು ನೋಡಬೇಕು. ಆದರೆ ಖಣದ ಎಳೆ ಬೇಗ ಬಿಚ್ಚುತ್ತದೆ. ಕತ್ತರಿಸುವ ಮೊದಲೇ ಹಿಂಬದಿಗೆ ದರ್ಜಿಗಳು ಪೇಸ್ಟಿಂಗ್ ಕ್ಯಾನ್ವಾಸ್ ಎನ್ನುತ್ತಾರಲ್ಲ, ಅದರಲ್ಲಿ ತೆಳುವಾದದ್ದನ್ನು ಇಸ್ತ್ರಿಯಲ್ಲಿ ಅಂಟಿಸಿ. ಕಾಲರಿಗೆ ಹಾಕುವ ದಪ್ಪದ್ದು ಬೇಡ, ಹೃದಯ ತಟ್ಟೆಯಂತಾಗುತ್ತದೆ. 6 ಮಿ.ಮೀ. ಹೊಲಿಗೆ ಅಂಚು ಬಿಡಬೇಕಾದ್ದರಿಂದ 7 ಸೆಂ.ಮೀ.ಗೆ ಕತ್ತರಿಸಬೇಕಾದ್ದು 8.2 ಸೆಂ.ಮೀ. ಒಳಮೈ ಹೊರಗೆ ಮಾಡಿ, ಮೆಷಿನ್ನಿನ ಹೊಲಿಗೆ 2 ಮಿ.ಮೀ.ಗೆ ಇಳಿಸಿ ಹೊಲಿಯಿರಿ. ತಿರುಗಿಸಲು 3 ಸೆಂ.ಮೀ. ಬಾಯಿಯನ್ನು ಕೆಳಗಿನ ನೇರ ಬದಿಯಲ್ಲಿ ಬಿಡಿ. ಗುಂಡು ಬದಿಯಲ್ಲಿ ಬಿಟ್ಟರೆ ಮುಚ್ಚಿದ ಮೇಲೆ ಅಲ್ಲೊಂದು ಮೂಲೆ ಏಳುತ್ತದೆ. ಹೃದಯದ ಮೇಲಿನ ಒಳಚುಕ್ಕಿಯಲ್ಲಿ ಹೊಲಿಗೆಗೆ 1 ಮಿ.ಮೀ. ಬಿಟ್ಟು ಕತ್ತರಿ ಕೊಡಬೇಕು. ಹೆದರಿಕೊಂಡು 4 ಮಿ.ಮೀ. ಬಿಟ್ಟರೆ ತಿರುಗಿಸಿದಾಗ ಆ ಜಾಗ ಕಟ್ಟಿಹಾಕಿದ ಹಾಗೆ ಎಳೆಯುತ್ತದೆ. ಹೊಲಿಗೆಯನ್ನೇ ಕತ್ತರಿಸಿಬಿಟ್ಟರೆ ಹತ್ತಿ ಹೊರಬರುತ್ತದೆ. ಅದಕ್ಕೇ ಅಲ್ಲಿ ಮೊದಲೇ ಎರಡು ಸುತ್ತು ಹೊಲಿಗೆ ಹಾಕಿರಬೇಕು.

ಕಸೂತಿ ಬಲ್ಲವರಿಗೆ ಒಂದು ಮಾತು. ಮರದಲ್ಲಿ ತೂಗುವ ವಸ್ತು ಗಾಳಿಗೆ ತಿರುಗುತ್ತಲೇ ಇರುತ್ತದೆ, ಹಿಂಬದಿ ಅಡಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಕಸೂತಿಯ ಗಾವಂತಿ ಹೊಲಿಗೆ ಮುಂದೆಯೂ ಹಿಂದೆಯೂ ಒಂದೇ ಥರ ಕಾಣುವಂಥದ್ದು. ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುವುದು ಅದರ ಕ್ರಮ. ಹೀಗಾಗಿ ಎಳೆ ಎಣಿಸಿ ಹೊಲಿಯಬಹುದಾದ ಮ್ಯಾಟಿ ಬಟ್ಟೆಯ ಒಂದೇ ಪದರದಲ್ಲಿ ನಕ್ಷತ್ರವನ್ನೋ ಗೋಪುರವನ್ನೋ ಗಾವಂತಿಯಲ್ಲಿ ಹಾಕಿದರೆ, ಹಿಂದೆ ಇನ್ನೊಂದು ಬಟ್ಟೆ ಮುಚ್ಚುವ ಅಗತ್ಯವೇ ಇಲ್ಲ. ಗಂಟು ಹಾಕದೆ, ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ತೂರಿಸಿ ಮುಗಿಸಬೇಕು. ಸುತ್ತಲಿನ ಅಂಚಿಗೆ ಬ್ಲ್ಯಾಂಕೆಟ್ ಸ್ಟಿಚ್ ಹತ್ತಿರ ಹತ್ತಿರ, 2 ಮಿ.ಮೀ.ಗೊಂದು. ಇದರ ತೂಕ ಇದ್ದೂ ಇಲ್ಲದಂತೆ. ಮೆಂತಿ ಹೊಲಿಗೆ (ಕ್ರಾಸ್ ಸ್ಟಿಚ್) ಇದಕ್ಕೆ ಬೇಡ, ಅದರ ಹಿಂಬದಿ ಮುಂಬದಿಯ ಹಾಗಿರುವುದಿಲ್ಲ.

ಹತ್ತಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ದಿಂಬಿನ ಅಂಗಡಿಯವರು ‘ರೆಕ್ರಾನ್’ ಎನ್ನುವ ಪಾಲಿಯೆಸ್ಟರ್ ಫೈಬರ್ ಅತ್ಯುತ್ತಮ. ಒತ್ತಿದರೆ ಮತ್ತೆ ಮೇಲೇಳುತ್ತದೆ, ತೇವ ಹೀರುವುದಿಲ್ಲ. ಒಂದು ಹೃದಯಕ್ಕೆ 3ರಿಂದ 4 ಗ್ರಾಂ ಹಿಡಿಯುತ್ತದೆ, 250 ಗ್ರಾಂ ಕಟ್ಟಿನಲ್ಲಿ ಅರವತ್ತಕ್ಕೂ ಮೇಲೆ ಆಗುತ್ತವೆ. ಮನೆಯಲ್ಲಿ ಅರಳೆ ಇದೆಯಲ್ಲ ಅಂತ ಅದನ್ನು ತುಂಬಿದರೆ ಉಂಡೆಗಟ್ಟುತ್ತದೆ. ಮಂಗಳೂರು, ಉಡುಪಿ ಕಡೆಯ ತೇವಕ್ಕೆ ಒಂದು ಮಳೆಗಾಲ ಪೆಟ್ಟಿಗೆಯಲ್ಲಿ ಕಳೆಯುವಷ್ಟರಲ್ಲಿ ಬೂಷ್ಟಿನ ಚುಕ್ಕಿ ಹೊರಗೆ ಕಾಣಬಹುದು. ಬೂರುಗದ ಹತ್ತಿ ಹಗುರ ನಿಜ, ಆದರೆ ಅದು ಕೂಡಲೇ ಹಾರುತ್ತದೆ, ಫೆಲ್ಟಿನ ಹೊಲಿಗೆಯ ಸಂದಿನಿಂದಲೂ ನುಸುಳುತ್ತದೆ. ಹಳೇ ದಿಂಬು ಬಿಚ್ಚಿದ ಫೈಬರ್ ಜಡೆಗಟ್ಟಿರುತ್ತದೆ, ಅದೂ ಬೇಡ.

ಈಗ ಹೊಲಿಗೆ. ಅಚ್ಚನ್ನು ರಟ್ಟಿನಲ್ಲಿ ಕತ್ತರಿಸಿ ಗುರುತು ಹಾಕುವುದು ಒಂದು ದಾರಿ. ಕಡುಬಣ್ಣಕ್ಕೆ ಸವೆದ ಸಾಬೂನಿನ ಚೂರು ಸಾಕು, ಬಾಲ್‌ಪೆನ್ನು ಮಾತ್ರ ಬೇಡ, ಅದರ ಗೆರೆ ಉಳಿದೇ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯದು: ಕಾಗದದ ಅಚ್ಚನ್ನು ಫೆಲ್ಟಿನ ಮೇಲಿಟ್ಟು, ಸುತ್ತ ಸೆಲ್ಲೋಟೇಪ್ ಹಚ್ಚಿ, ಟೇಪು ಕಾಗದ ಫೆಲ್ಟ್ ಮೂರನ್ನೂ ಸೇರಿಸಿ ಕತ್ತರಿಸುವುದು. ಜಾರುವ ಮಾತೇ ಇಲ್ಲ. ಎರಡು ಪದರ ಮಡಚಿ ಒಟ್ಟಿಗೆ ಕತ್ತರಿಸುವ ಆಸೆ ಬೇಡ. ಕೆಳಗಿನ ಪದರ ಕತ್ತರಿಯ ಬಾಯಿಂದ ಮುಂದಕ್ಕೆ ಜಾರಿ 2 ಮಿ.ಮೀ. ಸಣ್ಣದೋ ದೊಡ್ಡದೋ ಆಗುತ್ತದೆ, ಅಂಚು ಕೂಡುವುದಿಲ್ಲ.

ಅಂಕರ್ ಕಸೂತಿ ದಾರದ ಒಂದು ಲಡಿ 8 ಮೀಟರ್, ಆರು ಎಳೆ. ಎರಡೆರಡು ಎಳೆ ಬಿಡಿಸಿಕೊಂಡರೆ 24 ಮೀಟರ್ ಆಯಿತು. 3 ಮಿ.ಮೀ. ಅಂತರ, 4 ಮಿ.ಮೀ. ಆಳದಲ್ಲಿ ಹೊಲಿದರೆ ಅಂಚಿನ ಉದ್ದದ ಸುಮಾರು ಐದು ಪಟ್ಟು ದಾರ ಹೋಗುತ್ತದೆ. ಹೃದಯದ ಸುತ್ತಳತೆ 23 ಸೆಂ.ಮೀ. ಆಸುಪಾಸು, ಅಂದರೆ 115 ಸೆಂ.ಮೀ. ತುದಿಗಳ ನಷ್ಟ ಬಿಟ್ಟು ಒಂದು ಲಡಿಗೆ 16–18 ಹೃದಯ ಲೆಕ್ಕ ಹಾಕಿಕೊಳ್ಳಿ. ಒಂದು ಸಲಕ್ಕೆ 50 ಸೆಂ.ಮೀ.ಗಿಂತ ಉದ್ದ ಎಳೆದುಕೊಳ್ಳಬೇಡಿ. ಉದ್ದ ದಾರ ಫೆಲ್ಟಿನೊಳಗೆ ಹಾದು ಹಾದು ಹೊಳಪು ಕಳೆದುಕೊಂಡು ನೂಲೇಳುತ್ತದೆ. ಜರಿದಾರವಾದರೆ 35 ಸೆಂ.ಮೀ.ಯೇ ಹೆಚ್ಚು, ಸೂಜಿಯ ಕಣ್ಣೂ ದೊಡ್ಡದಿರಲಿ.

ಮಣಿ, ಚಮ್ಕಿ, ಮೇಲಿನ ಕಸೂತಿ ಏನಿದ್ದರೂ ಎರಡು ಪದರ ಕೂಡಿಸುವ ಮೊದಲೇ ಮುಂದಿನ ಪದರಕ್ಕೆ ಹಾಕಿ ಮುಗಿಸಬೇಕು. ತೂಗುದಾರಕ್ಕೆ 3 ಮಿ.ಮೀ. ಸ್ಯಾಟಿನ್ ರಿಬ್ಬನ್ 16 ಸೆಂ.ಮೀ. ಕತ್ತರಿಸಿ, ಮಡಚಿ, ತುದಿಗಳನ್ನು 1.5 ಸೆಂ.ಮೀ. ಒಳಗಿಟ್ಟು ಹಿಂದಿನ ಪದರಕ್ಕೆ ನಾಲ್ಕು ಸಲ ಹೊಲಿದು ಭದ್ರ ಮಾಡಿ. ಬರೀ ಅಂಚಿನ ಹೊಲಿಗೆಗೆ ಸಿಕ್ಕಿಸಿದ ರಿಬ್ಬನ್ ಎರಡನೇ ವರ್ಷಕ್ಕೆ ಕಳಚಿಕೊಳ್ಳುತ್ತದೆ.

ಬ್ಲ್ಯಾಂಕೆಟ್ ಸ್ಟಿಚ್ಚಿನ ಮೊದಲ ಗಂಟನ್ನು ಎರಡು ಪದರದ ನಡುವೆ ಅಡಗಿಸಿ ಶುರು ಮಾಡಿ. ಹೃದಯದಲ್ಲಿ ಕಷ್ಟದ ಜಾಗ ಎರಡು. ಕೆಳಗಿನ ಚೂಪಿನಲ್ಲಿ ಒಂದೇ ತೂತಿನಿಂದ ಮೂರು ಹೊಲಿಗೆ ಹೊರಡಬೇಕು: ಒಂದು ಎಡಕ್ಕೆ, ಒಂದು ನೇರ ತುದಿಗೆ, ಒಂದು ಬಲಕ್ಕೆ, ಕೋಳಿಯ ಹೆಜ್ಜೆಯ ಹಾಗೆ. ಒಂದೇ ಹಾಕಿದರೆ ದಾರ ತುದಿಯಿಂದ ಜಾರಿ ಚೂಪು ಬೆತ್ತಲಾಗುತ್ತದೆ. ಮೇಲಿನ ಒಳಚುಕ್ಕಿಯಲ್ಲಿ ಇದರ ಉಲ್ಟಾ. ಅಲ್ಲಿ ಫೆಲ್ಟ್ ಕಡಿಮೆ, ಎಳೆತ ಹೆಚ್ಚು. ಹೊಲಿಗೆಯ ಆಳವನ್ನು 4 ಮಿ.ಮೀ.ಗಿಂತ ತುಸು ಇಳಿಸಿ ಒಂದೇ ಹೊಲಿಗೆ ಸರಿಯಾಗಿ ಚುಕ್ಕಿಯ ನೆತ್ತಿಗೆ ಕೂರಿಸಿ. ದಾರವನ್ನು ಅಂಚಿಗೆ ಮಲಗುವಷ್ಟು ಎಳೆದರೆ ಸಾಕು. ಅಂಚು ಹಲ್ಲುಹಲ್ಲಾಗಿ ಒಳಗೆ ಸರಿದರೆ ಬಿಗಿ ಜಾಸ್ತಿಯಾಯಿತು ಎಂದೇ ಅರ್ಥ.

3 ಸೆಂ.ಮೀ. ಬಾಯಿ ಉಳಿದಾಗ ಸೂಜಿಯನ್ನು ಹಾಗೇ ಇಳಿಬಿಟ್ಟು ಹತ್ತಿ ತುಂಬಿ. ಫೈಬರನ್ನು ಮೊದಲು ಬೆರಳಲ್ಲಿ ಚೆನ್ನಾಗಿ ಬಿಡಿಸಿ, ಗೋಲಿ ಗಾತ್ರದ ಚಿಟಿಕೆಗಳಲ್ಲಿ ಹಾಕಿ. ಚೂಪಿಗೆ ಮೊದಲು, ಆಮೇಲೆ ಎರಡು ಗುಂಡಿಗೆ, ಅಂಚಿನುದ್ದಕ್ಕೆ, ನಡುವಿಗೆ ಕೊನೆಗೆ. ದೊಡ್ಡ ಉಂಡೆಯನ್ನು ಒಮ್ಮೆಲೇ ನೂಕಿದರೆ ನಡುವೆ ಗಡ್ಡೆ, ಅಂಚಿನಲ್ಲಿ ಖಾಲಿ. ಮೊಂಡು ತುದಿಯ ಬಿದಿರು ಕಡ್ಡಿ ಬಳಸಿ. ಚೂಪುಕಡ್ಡಿ ಫೆಲ್ಟನ್ನು ತೂರಿ ಹೊರಬರುತ್ತದೆ. ಹೆಬ್ಬೆರಳಿಂದ ಒತ್ತಿದಾಗ ಒಳಗೆ ಹೋಗಿ ಮೆಲ್ಲನೆ ಮೇಲೆ ಬಂದರೆ ಹದ ಸರಿ. ಹೊಲಿಗೆಗಳ ನಡುವೆ ಬಿಳಿ ಇಣುಕಿದರೆ ಒಂದೆರಡು ಚಿಟಿಕೆ ತೆಗೆಯಿರಿ. ನಕ್ಷತ್ರ ಮಾಡುವವರು ಐದು ತುದಿಗಳನ್ನೂ ಸ್ವಲ್ಪ ಗುಂಡಾಗಿಸಿ ಕತ್ತರಿಸಿ, ತುದಿಯ ಹೊಲಿಗೆ ಮುಗಿದಂತೆಲ್ಲ ಆ ತುದಿಗೆ ಆಗಲೇ ಹತ್ತಿ ತುಂಬುತ್ತ ಹೋಗಬೇಕು. ಕೊನೆಗೆ ತುಂಬೋಣ ಎಂದರೆ ಕಡ್ಡಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಲೂ ಗನ್ನಿನ ಅಂಟು ತೆಳು ಫೆಲ್ಟಿನಲ್ಲಿ ಒಸರಿ ಹೊಳೆಯುವ ಕಲೆಯಾಗುತ್ತದೆ, ಆರಿದ ಮೇಲೆ ಕಲ್ಲಿನಂತೆ ಕೈಗೆ ಸಿಗುತ್ತದೆ. ಗಟ್ಟಿ ಶೀಟಿನ ಮೇಲೆ ಗುಂಡಿ ಅಂಟಿಸಲು ಮಾತ್ರ ಬಳಸಿ.

ಎಲ್ಲ ಒಟ್ಟಿಗೆ ಸಿಗುವ ರೆಡಿ ಕಿಟ್‌ಗಳೂ ಇವೆ. ಅವುಗಳ ಒಳ್ಳೆಯದು, ಆಕಾರ ಕತ್ತರಿಸಿಯೇ ಬರುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಅದೇ ದೊಡ್ಡ ಅನುಕೂಲ. ಕುಂದು ಎಂದರೆ, ಲೇಸರಿನಲ್ಲಿ ಕತ್ತರಿಸಿದ ಪಾಲಿಯೆಸ್ಟರ್ ಫೆಲ್ಟಿನ ಅಂಚು ಕರಗಿ ಗಟ್ಟಿಯಾಗಿರುತ್ತದೆ, ತಿಳಿಬಣ್ಣದಲ್ಲಿ ಕಂದು ಗೆರೆಯೂ ಕಾಣುತ್ತದೆ. ಅಂಚಿನಿಂದ 2 ಮಿ.ಮೀ. ಒಳಗೆ ಸೂಜಿ ಹಾಕಿದರೆ ಮಕ್ಕಳ ಬೆರಳಿಗೆ ನೋವಾಗುತ್ತದೆ, 4 ಮಿ.ಮೀ. ಒಳಗೆ ಹಾಕಿಸಿ. ದಾರ ಒಂದು ಅಲಂಕಾರಕ್ಕೆ ಒಂದು ಮೀಟರ್ ಅಂತ ಲೆಕ್ಕ ಮಾಡಿ ಇಟ್ಟಿದ್ದರೆ ಮೇಲಿನ ಲೆಕ್ಕದ ಪ್ರಕಾರ ಅದು ಸಾಲದು. ಆಗ ಬ್ಲ್ಯಾಂಕೆಟ್ ಸ್ಟಿಚ್ ಬಿಟ್ಟು ಸಾದಾ ಹೊಲಿಗೆ ಹಾಕಿಸಿ, ಅಂಚಿನ ಉದ್ದದ ಎರಡು ಪಟ್ಟು ದಾರದಲ್ಲಿ ಮುಗಿಯುತ್ತದೆ. ಪ್ಲಾಸ್ಟಿಕ್ ಸೂಜಿ ಕೊಟ್ಟಿದ್ದು, ತೂತು ಮೊದಲೇ ಹೊಡೆದಿಲ್ಲದಿದ್ದರೆ ಆ ಕಿಟ್ ಬೇಡವೇ ಬೇಡ.

ಮುಗಿದ ಹೃದಯ ಸುಮಾರು 6 ಗ್ರಾಂ ತೂಗುತ್ತದೆ. ಪ್ಲಾಸ್ಟಿಕ್ ಮರದ ತಂತಿ ತುದಿಗೆ ಇದು ಏನೂ ಅಲ್ಲ. ಕುಂಡದ ಅರಾಕೇರಿಯಾಕ್ಕಾದರೆ ಎಳೆಯ ತುದಿ ಬಿಟ್ಟು ಕಾಂಡದ ಹತ್ತಿರ ಕಟ್ಟಿ. ಗಾಳಿಮರದ ಕೊಂಬೆ ತಂದು ನಿಲ್ಲಿಸುವವರು ರಿಬ್ಬನ್ನಿನ ಕುಣಿಕೆಯನ್ನು ಸುಮ್ಮನೆ ಸಿಕ್ಕಿಸಿದರೆ ಅದು ನುಣುಪು ಎಲೆಕಡ್ಡಿಯ ಮೇಲಿಂದ ಜಾರುತ್ತದೆ, ಒಂದು ಸುತ್ತು ಹಾಕಿ ಕಟ್ಟಬೇಕು. ಅಕ್ರಿಲಿಕ್ ಬೇಗ ಹೊತ್ತಿಕೊಳ್ಳುವ ನಾರು. ಮರದ ಹತ್ತಿರ ಮೇಣದ ಬತ್ತಿ ಬೇಡ, ಬಿಸಿಯಾಗುವ ಹಳೆಯ ಬಲ್ಬಿನ ಸೀರಿಯಲ್ ಸೆಟ್ಟೂ ಬೇಡ. ಎಲ್‌ಇಡಿ ಇರಲಿ.

ಜನವರಿಯಲ್ಲಿ ತೆಗೆದಿಡುವಾಗ ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಬಿಳಿ ಫೆಲ್ಟಿಗೆ ಮಸಿ ಹತ್ತುತ್ತದೆ. ಹಳೇ ಕಾಟನ್ ಪಂಚೆಯ ತುಂಡು ಸಾಕು. ಅಕ್ರಿಲಿಕ್ಕನ್ನು ಹುಳ ಮುಟ್ಟುವುದಿಲ್ಲ. ಉಣ್ಣೆಯನ್ನು ಬಿಡುವುದಿಲ್ಲ, ಬಿಸಿಲಿಗೆ ಒಂದು ಗಂಟೆ ಇಟ್ಟು, ಆರಿದ ಮೇಲೆ ಬಾಯಿ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೋಡಿ. ಒತ್ತಿ ತುಂಬಿದ ಡಬ್ಬಿಯಲ್ಲಿ ಹೃದಯಗಳು ಚಪ್ಪಟೆಯಾಗಿದ್ದರೆ ಕೆಟಲ್ಲಿನ ಹಬೆಯ ಮೇಲೆ ಅರ್ಧ ನಿಮಿಷ ಹಿಡಿದು ಬೆರಳಲ್ಲಿ ಹಿಂಜಿದರೆ ಫೈಬರ್ ಮತ್ತೆ ಏಳುತ್ತದೆ.